ಯಲಹಂಕದಲ್ಲಿ ಹಳೆಯ ರಾಜನ ಹಾಡು

ಯಶವಂತಪುರ ಸ್ಟೇಷನ್ನಿನ ಮುಂದೆ ನಾನು ಬಸ್ಸಿನಿಂದ ಇಳಿದಾಗ ಬೆಳಗಿನ ಏಳು ಗಂಟೆ. ಮಲ್ಲೇಶ್ವರದಿಂದ ಹತ್ತು ನಯಾಪೈಸೆ. ಮಂಜು ಎಷ್ಟಿತ್ತೆಂದರೆ ನನ್ನ ಮೂಗಿನ ತುದಿ ನನಗೇ ಕಾಣಲಿಲ್ಲ. ನನ್ನ ಮೂಗು ನೋಡಿದವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಆ ದಿನ ರೈಲಿನಲ್ಲಿ ನೆರೆಯ ದೇಶವೊಂದರಿಂದ ಐವರ ತಂಡ ಬರುವುದಿತ್ತು. ಯಾವ ದೇಶವೆಂದು ಬರೆಯಕೂಡದೆಂದು ನಮ್ಮ ಸೂಪರಿಂಟೆಂಡೆಂಟರ ಅಪ್ಪಣೆಯಾಗಿದೆ. ಅಲ್ಲಿ ರಾಜನಿದ್ದಷ್ಟು ಕಾಲ ನಮಗೂ ಅವರಿಗೂ ಮಾತಿರಲಿಲ್ಲ. ಗಡಿಯ ಗೇಟಿಗೆ ಬೀಗ ಬಿದ್ದಿತ್ತು, ರಾಯಭಾರಿಗಳು ಪೆಟ್ಟಿಗೆ ಕಟ್ಟಿ ಮನೆ ಸೇರಿದ್ದರು. ಈಗ ರಾಜ ಹೋಗಿ ಹೊಸ ಸರ್ಕಾರ ಬಂದಿತ್ತು. ದೆಹಲಿಯಲ್ಲಿ ಮಾತುಕತೆ ಮುಗಿಸಿದ ಈ ತಂಡ ನಮ್ಮ ಕಡೆಯ ತೋಟ, ಶಾಲೆಗಳನ್ನು ನೋಡಿಕೊಂಡು ಊರಿಗೆ ಮರಳಬೇಕು. ತಂಡದ ನಾಯಕರು ಅಲ್ಲಿ ಹೋಗಿ ‘ಸರಿ’ ಎಂದರೆ ಗೇಟು ತೆರೆಯುತ್ತದೆ.

ಇಂಥ ಅತಿಥಿಗಳಿಗೆ ಊರು ತೋರಿಸುವ ಸರ್ಕಾರಿ ಕಚೇರಿಯಲ್ಲಿ ನಾನು ಹಂಗಾಮಿ ಗುಮಾಸ್ತ. ಇಂಗ್ಲಿಷ್ ಬರುತ್ತದೆ, ಜೊತೆಗೆ ಕಚೇರಿಯಲ್ಲಿರುವ ಎಲ್ಲರ ದನಿಯೂ ಬರುತ್ತದೆ. ಮೊದಲನೆಯದಕ್ಕಾಗಿ ನನ್ನನ್ನು ಕರೆದಿದ್ದರು, ಎರಡನೆಯದಕ್ಕೆ ಹೆದರಿದ್ದರು.

“ಶೀನ, ಇವತ್ತೊಂದು ದಿನ ನೀನು ನೀನಾಗೇ ಇರು ಕಣಯ್ಯ. ನಾನಾಗೋದು ಬೇಡ,” ಎಂದರು ಸೂಪರಿಂಟೆಂಡೆಂಟರು.

“ಆಗಲಿ ಕಣಯ್ಯ,” ಎಂದು ಅವರದೇ ಗಂಟಲಿನಲ್ಲಿ ಬಾಯಿಗೆ ಬಂದುಬಿಟ್ಟಿತು. ಕೆಮ್ಮಿ ಮುಚ್ಚಿದೆ.

ರೈಲು ಅರ್ಧ ಗಂಟೆ ತಡವಾಗಿ ಬಂತು. ನಾಯಕರು ಎಪ್ಪತ್ತು ದಾಟಿದ ಮುದುಕರು, ಕೈಯಲ್ಲಿ ಕೋಲು, ಮುಖದಲ್ಲಿ ನಗು. ಅವರ ಕಾರ್ಯದರ್ಶಿ ನನ್ನ ವಯಸ್ಸಿನ ಹುಡುಗ. ಗೊರಗುಂಟೆಪಾಳ್ಯದ ಮುನಿಶಾಮಪ್ಪನ ವ್ಯಾನಿನಲ್ಲಿ ಹೊರಟೆವು. ಹೆಬ್ಬಾಳಕ್ಕೆ ಐದು ಮೈಲಿ, ಅಲ್ಲಿಂದ ಯಲಹಂಕಕ್ಕೆ ಇನ್ನಷ್ಟೇ.

ಹೆಬ್ಬಾಳದ ಕೆರೆಯ ಏರಿ ತಲುಪುವಷ್ಟರಲ್ಲಿ ಬಿಸಿಲು ಬಂತು. ದ್ರಾಕ್ಷಿ ತೋಟವೊಂದರಲ್ಲಿ ಇಳಿದೆವು. ತೋಟದವರು ಬಿಸಿ ಉಪ್ಪಿಟ್ಟು, ಸೀಬೆಹಣ್ಣು ಕೊಟ್ಟರು. ಸೂಪರಿಂಟೆಂಡೆಂಟರು ನಾಯಕರಿಗೆ ಗೊಬ್ಬರದ ವಿಷಯ ವಿವರಿಸುತ್ತಿದ್ದರು. ನಾನು ಕಾರ್ಯದರ್ಶಿಯ ಮುಂದೆ ಜಂಬ ಕೊಚ್ಚಿದೆ. ಯಲಹಂಕದ ಶಾಲೆಯಲ್ಲಿ ಮಕ್ಕಳು ನಿಮ್ಮ ರಾಷ್ಟ್ರಗೀತೆ ಹಾಡುತ್ತಾರೆ, ಕಚೇರಿಯ ಬೀರುವಿನಲ್ಲಿ ಸಿಕ್ಕಿದ ಗ್ರಾಮಫೋನ್ ಪ್ಲೇಟು ಕೇಳಿ ಹದಿನೈದು ದಿನ ಕಲಿಸಿದವನು ನಾನೇ ಎಂದು, ಒಂದು ಸಾಲು ಗುನುಗಿ ತೋರಿಸಿದೆ.

ಹುಡುಗನ ಕೈಯ ಸೀಬೆಹಣ್ಣು ಕೆಳಗೆ ಬಿತ್ತು.

“ಅದು ರಾಜನ ಹಾಡು. ರಾಜ ಹೋದ ದಿನವೇ ಅದೂ ಹೋಯಿತು,” ಎಂದ. ಮುದುಕರ ಕಡೆ ನೋಡಿ ದನಿ ತಗ್ಗಿಸಿದ. “ಇವರು ನಾಲ್ಕು ವರ್ಷ ಆ ರಾಜನ ಜೈಲಿನಲ್ಲಿದ್ದರು. ದಿನಾ ಬೆಳಿಗ್ಗೆ ಆ ಹಾಡು ಹಾಕುತ್ತಿದ್ದರು. ಕಾಯಿಲೆಯವನೂ ಎದ್ದು ನಿಲ್ಲಬೇಕಿತ್ತು.”

ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟೆ. ಸೂಪರಿಂಟೆಂಡೆಂಟರನ್ನು ಮರದ ಹಿಂದಕ್ಕೆ ಕರೆದು ಹೇಳಿದೆ. ಅವರು ನನ್ನನ್ನು ಬೈಯಲೂ ಇಲ್ಲ.

“ಗೇಟು ತೆಗೆಯೋದಿರಲಿ, ಇನ್ನೊಂದು ಬೀಗ ಹಾಕಿಸ್ತೀಯ. ಆ ಹಾಡು ನಿಲ್ಲಿಸು. ನಿಲ್ಲದೇ ಹೋದ್ರೆ ಸೋಮವಾರ ಕಚೇರಿಗೆ ಬರೋ ತೊಂದ್ರೆ ತಗೋಬೇಡ.”

ನಿಲ್ಲಿಸುವುದು ಹೇಗೆ? ವ್ಯಾನಿನ ಹಾರನ್ ಕೇಳಿದ ತಕ್ಷಣ ಶುರುಮಾಡಿ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದ ಮಹಾಶಯನೂ ನಾನೇ. ಮುನಿಶಾಮಪ್ಪನ ಪಕ್ಕ ಕೂತು ಕೈ ಮುಗಿದೆ.

“ಅಣ್ಣಾ, ಯಲಹಂಕದಲ್ಲಿ ಹಾರನ್ ಮಾತ್ರ ಹೊಡೀಬೇಡ.”

“ಅದ್ಯಾಕ್ ಸಾಮಿ ಇಂಗಂತೀರಿ? ಯಾರಾದ್ರೂ ಮಲಗವ್ರಾ?”

“ನನ್ನ ನೌಕರಿ ಮಲಗಿದೆ. ಎಬ್ಬಿಸಬೇಡ.”

ಪಾಪ, ಅವನು ಮಾತು ಉಳಿಸಿಕೊಂಡ. ಕೋಳಿ ಅಡ್ಡ ಬಂದರೆ ನಿಲ್ಲಿಸಿದ, ಗಾಡಿ ಅಡ್ಡ ಬಂದರೆ ಕೂಗಿದ. ಯಲಹಂಕದ ಶಾಲೆಯ ಗೇಟೂ ಕಂಡಿತು. ಗೇಟಿಗೆ ಅಡ್ಡಲಾಗಿ ಒಂದು ಎಮ್ಮೆ ನಿಂತಿತ್ತು. ನಾನು ಇಳಿದು ತಳ್ಳಿದೆ. ಎಮ್ಮೆ ನನ್ನನ್ನು ನೋಡಿದ ರೀತಿ ಥೇಟ್ ಸೂಪರಿಂಟೆಂಡೆಂಟರದೇ. ಅಷ್ಟರಲ್ಲಿ ಮುನಿಶಾಮಪ್ಪನ ಕೈ, ಇಪ್ಪತ್ತು ವರ್ಷದ ಅಭ್ಯಾಸದ ಕೈ, ತಾನಾಗಿಯೇ ಹಾರನ್ನಿನ ಮೇಲೆ ಬಿತ್ತು.

“ಪೋಂ!”

ಎಮ್ಮೆ ಕದಲಲಿಲ್ಲ. ನಲವತ್ತು ಮಕ್ಕಳು ಹಾಡತೊಡಗಿದರು.

ಟೀಚರಮ್ಮ ತಾಳ ಹಾಕುತ್ತಿದ್ದರು. ನಾನು ಎರಡೂ ಕೈ ಬೀಸಿ ಬೇಡ ಎಂದೆ. ಹುರಿದುಂಬಿಸುತ್ತಿದ್ದೇನೆ ಎಂದುಕೊಂಡು ಮಕ್ಕಳು ದನಿ ಏರಿಸಿದರು. ಸ್ವಾಗತಕ್ಕೆಂದು ಬಂದು ಕೂತಿದ್ದ ಊರವರೆಲ್ಲ ಎದ್ದು ನಿಂತರು. ಮುದುಕರು ವ್ಯಾನಿನಿಂದ ಇಳಿದವರು ಕೋಲೂರಿಕೊಂಡು ಹಾಗೇ ನಿಂತುಬಿಟ್ಟರು. ಮುಖದ ನಗು ಹೋಗಿತ್ತು. ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. ಆ ಬೆನ್ನು ನೋಡಿ ನನ್ನ ನೌಕರಿಯ ಚಿಂತೆ ಮರೆತುಹೋಯಿತು. ಮುದುಕರನ್ನು ಮತ್ತೆ ಜೈಲಿನ ಅಂಗಳದಲ್ಲಿ ನಿಲ್ಲಿಸಿದ್ದೆ ನಾನು.

ಆಮೇಲೆ ಪ್ಲೇಟಿನ ಗೀರು ಬಂತು. ಕಚೇರಿಯ ಆ ಪ್ಲೇಟಿನಲ್ಲಿ ಒಂದು ಕಡೆ ಮುಳ್ಳು ಸಿಕ್ಕಿಕೊಂಡು, ಒಂದೇ ಮಾತು ಮೂರು ಸಲ ಬಂದು, ‘ಟಕ್’ ಎಂದು ಮುಂದಕ್ಕೆ ಹಾರುತ್ತಿತ್ತು. ಅದೂ ಹಾಡಿನ ಭಾಗವೆಂದೇ ನಂಬಿ ಚಾಚೂ ತಪ್ಪದೆ ಕಲಿಸಿದ್ದೆ. ಮಕ್ಕಳು ಆ ಮಾತನ್ನು ಮೂರು ಸಲ ಹಾಡಿ, ನಲವತ್ತು ನಾಲಿಗೆಯಲ್ಲಿ ಒಟ್ಟಿಗೆ “ಟಕ್!” ಎಂದರು.

ಮುದುಕರ ಭುಜ ಅಲುಗಿತು. ಅಳುತ್ತಿದ್ದಾರೆ ಎಂದು ಹೆದರಿ ಓಡಿದೆ. ನೋಡಿದರೆ ನಗು! ನಗುತ್ತಲೇ ನಡೆದು ಹೋಗಿ, ಹಾಡು ಇನ್ನೂ ನಡೆಯುತ್ತಿದ್ದಂತೆ, ಕುರ್ಚಿಯ ಮೇಲೆ ಆರಾಮಾಗಿ ಕೂತು ಕಾಲು ಚಾಚಿದರು. ಗರುಡಗಂಬದಂತೆ ನಿಂತಿದ್ದ ಸೂಪರಿಂಟೆಂಡೆಂಟರ ಕೋಟು ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡರು.

ಹಾಡು ಮುಗಿದ ಮೇಲೆ ಮಾತಾಡಿದರು. ಒಂದೊಂದು ಮಾತನ್ನೂ ನಾನು ಕನ್ನಡದಲ್ಲಿ ಮಕ್ಕಳಿಗೆ ಹೇಳಿದೆ.

“ಆ ಮಾತಿನ ಅರ್ಥ ‘ರಾಜ ಕೂತಿದ್ದಾನೆ’ ಅಂತ. ನೀವು ಸರಿಯಾಗಿಯೇ ಹಾಡಿದಿರಿ. ಕೂತ, ಕೂತ, ಕೂತೇ ಇದ್ದ. ಆಮೇಲೆ ಟಕ್! ನಾಲ್ಕು ವರ್ಷ ಈ ಹಾಡಿಗೆ ನಿಂತಿದ್ದೆ. ಕೂತು ಕೇಳಿದ್ದು ಇವತ್ತೇ. ಕೂತು ಕೇಳಿದರೆ ರಾಗ ಅಷ್ಟೇನೂ ಕೆಟ್ಟದಲ್ಲ.”

ಮಕ್ಕಳಿಗೆ ರಾಜನ ವಿಷಯ ಎಷ್ಟು ತಿಳಿಯಿತೋ, ‘ಟಕ್’ ಮಾತ್ರ ಚೆನ್ನಾಗಿ ತಿಳಿಯಿತು. ಮಧ್ಯಾಹ್ನ ಮುದ್ದೆ, ಅವರೇಕಾಯಿ ಸಾರು. ಮುದುಕರು ಮುದ್ದೆಯನ್ನು ಅಗಿಯಲು ಹೋದಾಗ ಟೀಚರಮ್ಮ, “ಅಯ್ಯೋ, ನುಂಗಿ ಸ್ವಾಮಿ, ನುಂಗಿ!” ಎಂದು ತಾವೇ ನುಂಗಿ ತೋರಿಸಿದರು. ಊಟದ ನಂತರ ಹೊಸ ಸರ್ಕಾರದ ಹೊಸ ಹಾಡನ್ನು ಮುದುಕರೇ ಹೇಳಿಕೊಟ್ಟರು. ಮಕ್ಕಳು ಒಂದೇ ಗಂಟೆಯಲ್ಲಿ ಕಲಿತರು, ಕೊನೆಗೊಂದು ‘ಟಕ್’ ಸೇರಿಸಿ.

ಸಂಜೆ ಐದಕ್ಕೆ ಮತ್ತೆ ಯಶವಂತಪುರ. ರೈಲು ಹತ್ತುವಾಗ ಮುದುಕರು ಸೂಪರಿಂಟೆಂಡೆಂಟರ ಕೈ ಹಿಡಿದು, “ಊರಿಗೆ ಹೋದ ಕೂಡಲೇ ಗೇಟಿನ ಬೀಗ ತೆಗೆಸುತ್ತೇನೆ,” ಎಂದರು. ನನ್ನ ಬೆನ್ನಿಗೆ ಕೋಲಿನಿಂದ ಮೆಲ್ಲಗೆ ತಟ್ಟಿದರು.

ರೈಲು ಕದಲಿತು. ಕಿಟಕಿಯಿಂದ ಬಿಳಿಯ ತಲೆ ಹೊರಬಂದು, ಆ ಒಂದೇ ಮಾತನ್ನು ಮೂರು ಸಲ ಹಾಡಿ, ಗಟ್ಟಿಯಾಗಿ ಟಕ್ ಎಂದಿತು.

ನಾನೂ ಸೂಪರಿಂಟೆಂಡೆಂಟರೂ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಗೌರವದಿಂದ ಕೂತುಕೊಂಡೆವು.