ಬಣ್ಣ ಹಚ್ಚದೆ ಬಿಟ್ಟ ಬಸವನಹುಳು

ಭರಮಸಾಗರದಾಚೆಯ ಕುರಿಹಟ್ಟಿಯಲ್ಲಿ ಹುಟ್ಟಿದ ಪರಮೇಶನಿಗೆ ಎರಡು ಹೆಸರುಗಳಿದ್ದವು. ಕುರಿ ಕಾಯಲೂ ಲಾಯಕ್ಕಿಲ್ಲದವನು ಎಂಬುದು ಹಟ್ಟಿಯವರು ಇಟ್ಟದ್ದು. ಸಮುದ್ರ ಸಾಕುವವನು ಎಂಬುದನ್ನು ಚಿತ್ರದುರ್ಗದಲ್ಲಿ ಅವನೇ ಹರಡಿಕೊಂಡಿದ್ದ. ಸಮುದ್ರವನ್ನು ಅವನು ಕಣ್ಣಾರೆ ಕಂಡವನಲ್ಲ. ಹಜರತ್ ಅಲಿ ಸಾಹೇಬರ ಮೀನಿನ ಅಂಗಡಿಯಲ್ಲಿ ಸಂಬಳಕ್ಕಿದ್ದು, ಪ್ಯಾಕೆಟ್ ಉಪ್ಪು ಕಲಸಿ, ಹವಳ ಬೆಳೆಯುವ ಗಾಜಿನ ತೊಟ್ಟಿಗೆ ಸುರಿಯುವುದು ಅವನ ಕೆಲಸ.

ಆ ತೊಟ್ಟಿಯ ಪಾಚಿ ಮೇಯಲು ಬಿಟ್ಟ ಬಸವನಹುಳುಗಳು ಅವನ ಪಾಲಿಗೆ ಕುರಿಮಂದೆ. ಹಟ್ಟಿಯಲ್ಲಿ ಕುರಿಯ ಬೆನ್ನಿಗೆ ಬಣ್ಣ ಬಳಿದು ಗುರುತು ಮಾಡುವಂತೆ, ಒಂದೊಂದರ ಚಿಪ್ಪಿಗೂ ಕೆಂಪು ನೈಲ್ ಪಾಲಿಶಿನ ಚುಕ್ಕೆ ಇಟ್ಟಿದ್ದ. ಬಳೆ ಅಂಗಡಿಯಾಕೆ "ಯಾರಿಗಪ್ಪಾ ಇದು?" ಎಂದಾಗ "ಹುಳಕ್ಕೆ ಕಣಕ್ಕಾ" ಎಂದುಬಿಟ್ಟಿದ್ದ. ಆ ಬೀದಿಯಲ್ಲಿ ಹೆಣ್ಣು ಹುಡುಕುವ ಆಸೆ ಅಂದಿಗೇ ಮುಗಿಯಿತು.

ಒಂದು ದಿನ ಹೊಸದಾಗಿ ತಂದಿಟ್ಟ ಕಡಲಕಲ್ಲಿನ ಸಂದಿಯಿಂದ ಬಣ್ಣದ ಗುರುತಿಲ್ಲದ ಹುಳುವೊಂದು ತೆವಳಿ ಬಂತು. ಬುಗುರಿಯ ಆಕಾರ, ಕಂದು ಚಿತ್ತಾರ. ಮುಟ್ಟಲು ಪರಮೇಶನಿಗೆ ಧೈರ್ಯ ಬರಲಿಲ್ಲ. ಫೋಟೊ ತೆಗೆದು ಮೀನು ಸಾಕುವವರ ವಾಟ್ಸಾಪ್ ಗುಂಪಿಗೆ ಹಾಕಿ, ಗುರುತು ನಾಳೆ ಇಟ್ಟರಾಯಿತು ಎಂದು ಸುಮ್ಮನಾದ.

ಮರುದಿನ ಅವನ ತಾಯಿ ಉಚ್ಚಂಗಮ್ಮ ಕಂಬಳಿ ಹೊಲಿಯುವ ದಬ್ಬಣ, ದಾರ ಕೊಳ್ಳಲು ಪೇಟೆಗೆ ಬಂದವಳು ಮಗನ ಅಂಗಡಿಗೂ ಬಂದಳು. ತೊಟ್ಟಿಗೆ ಮೂಗು ಒತ್ತಿ ನೋಡಿದಳು.

"ಎಲ್ಲಕ್ಕೂ ಬಣ್ಣ ಹಾಕಿದ್ಯಲ್ಲೋ?"

"ಹೂಂ ಅವ್ವ. ನಮ್ಮ ಸಾಹುಕಾರ್ರ ಮಂದೆ ಇದು."

"ಆ ಮೂಲೇದಕ್ಕೆ ಯಾಕಿಲ್ಲ?"

"ಅದಾ? ಅದು ಬೇವಾರ್ಸಿ" ಎಂದು ಗತ್ತಿನಿಂದ ಹೇಳಿ ಪರಮೇಶ ಚಹಾ ತರಲು ಹೋದ. ಚಹಾ ಕುಡಿದು ಉಚ್ಚಂಗಮ್ಮ ಬಸ್ಸಿಗೆ ಹೊರಟಳು.

ಆಮೇಲೆ ಫೋನು ಗುಂಯ್‌ಗುಟ್ಟಿತು. ಗುಂಪಿನಲ್ಲಿ ಬಲ್ಲವರೊಬ್ಬರು ಬರೆದಿದ್ದರು: "ಕೋನ್ ಹುಳು ಇರಬಹುದು. ಬಾಯಲ್ಲಿ ವಿಷದ ಮುಳ್ಳಿರುತ್ತೆ. ಕೆಲವು ಜಾತಿ ಚುಚ್ಚಿದರೆ ಮನುಷ್ಯ ಉಳಿಯೋದು ಕಷ್ಟ, ಮದ್ದಿಲ್ಲ. ಎಳೆಯ ಶಂಖವೂ ಹೀಗೇ ಕಾಣುತ್ತೆ. ನೀರಲ್ಲಿಟ್ಟು ನೋಡಿ. ಕಡ್ಡಿಯಂಥದ್ದರ ತುದಿಯಲ್ಲಿ ದೊಡ್ಡ ಕಣ್ಣೆರಡು ಹೊರಬಂದರೆ ಶಂಖ, ಪಾಪದ್ದು. ಬರೀ ಸೊಂಡಿಲು ಬಂದರೆ ಕೈ ಹಾಕಬೇಡಿ."

ಪರಮೇಶ ತೊಟ್ಟಿಗೆ ಬಗ್ಗಿದ. ಮೂಲೆ ಖಾಲಿ.

"ನಿಮ್ಮಮ್ಮ ಒಂದು ಚಿಪ್ಪು ಸೆರಗಲ್ಲಿ ಕಟ್ಕೊಂಡ್ರಪ್ಪ" ಎಂದರು ಅಲಿ ಸಾಹೇಬರು. "ಟಗರಿನ ಕೊರಳಿಗೆ ಕಟ್ತೀನಿ, ದೃಷ್ಟಿ ಆಗಲ್ಲ ಅಂದ್ರು. ಯಾಕೋ, ಮುಖ ಹಂಗ್ಯಾಕಾಯ್ತು?"

ಗುರುತಿಲ್ಲದ್ದು ಕಂಡವರ ಪಾಲು ಎಂಬುದು ಹಟ್ಟಿಯ ಕಟ್ಟಳೆ. ಬೇವಾರ್ಸಿ ಎಂದು ಅವನೇ ಬಾಯಾರೆ ದಾನ ಮಾಡಿದ್ದ. ಕೊರಳಿಗೆ ಕಟ್ಟಬೇಕಾದರೆ ಚಿಪ್ಪಿಗೆ ತೂತು ಬೇಕು. ತೂತಿಗೆ ಬೇಕಾದ ದಬ್ಬಣ ಅವ್ವನ ಚೀಲದಲ್ಲೇ ಇತ್ತು.

ಅಗಲ ಬಾಯಿಯ ಡಬ್ಬಕ್ಕೆ ತೊಟ್ಟಿಯ ನೀರು ತುಂಬಿಕೊಂಡು, ಸಾಹೇಬರ ಸ್ಕೂಟರ್ ಹತ್ತಿದ. ದಾರಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಫೋನು ಮಾಡಿದ. ಒಮ್ಮೆ ಎತ್ತಿದಳು.

"ಅವ್ವಾ, ಆ ಚಿಪ್ಪು ಮುಟ್ಟಬ್ಯಾಡ! ವಿಷ!"

"ಏನು? ಬಸ್ಸಲ್ಲಿ ಹಾಡು ಹಾಕವ್ರೆ, ಕೇಳ್ಸಲ್ಲ. ಇಡು ಫೋನು."

ಮತ್ತೆ ಎತ್ತಲಿಲ್ಲ. ದಾವಣಗೆರೆ ರಸ್ತೆಯ ಲಾರಿಗಳೆಲ್ಲ ತನಗೆ ಅಡ್ಡ ಬರಲೆಂದೇ ಹೊರಟಂತಿದ್ದವು. ಎದುರಿಗೆ ಅಂಬುಲೆನ್ಸೊಂದು ಕೂಗುತ್ತ ದಾಟಿದಾಗ ಅವನ ಕೈ ತಾನಾಗಿ ಬ್ರೇಕು ಹಿಡಿಯಿತು. ಒಳಗೆ ಯಾರಿದ್ದಾರೋ ಎಂದು ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ.

ಭರಮಸಾಗರದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ, ಹಟ್ಟಿಗೆ ಹೋಗುವ ಆಟೊ ಕಾಯುತ್ತ, ಉಚ್ಚಂಗಮ್ಮ ಕಾಲು ಚಾಚಿ ಕೂತಿದ್ದಳು. ಎಡಗೈಯಲ್ಲಿ ಚಿಪ್ಪು, ಬಲಗೈಯಲ್ಲಿ ದಬ್ಬಣ. ತೋರುಬೆರಳ ತುದಿಯಲ್ಲಿ ರಕ್ತದ ಹನಿ.

ಪರಮೇಶ ಸ್ಕೂಟರನ್ನು ಬೀಳಲು ಬಿಟ್ಟು ಓಡಿದ. ಟವಲು ಸುತ್ತಿದ ಕೈಯಿಂದ ಚಿಪ್ಪು ಕಿತ್ತು ಡಬ್ಬಕ್ಕೆ ಹಾಕಿದ.

"ಏನು ಚುಚ್ತು? ದಬ್ಬಣವಾ, ಹುಳವಾ?"

"ಯಾರಿಗ್ಗೊತ್ತು? ಜಾರ್ತು, ಚುರ್ ಅಂತು. ಅದಕ್ಯಾಕಿಂಗೆ ನಡುಗ್ತೀಯ?"

"ಕೈ ಜೋಮು ಹಿಡಿತೈತಾ? ಉಸಿರು? ಉಸಿರು ಬಿಡವ್ವ!"

"ಬಿಡ್ತಾ ಇದೀನಲ್ಲೋ, ಇಲ್ದಿದ್ರೆ ಮಾತು ಹೆಂಗೆ ಬರ್ತೈತೆ?" ಎಂದಳು. ಆದರೆ ಮಗನ ಮುಖ ನೋಡಿ ಅವಳ ದನಿಯೂ ಇಳಿಯಿತು. "ಲೇ ಪರಮ, ನಾನು ಸಾಯ್ತೀನೇನೋ?"

ಅವನು ಕೈಬೀಸಿ ಆಟೊ ಕರೆದ. ಆಸ್ಪತ್ರೆಗೆ ಎಂದ. ಆಟೊ ತಿರುಗುವಷ್ಟರಲ್ಲಿ ಇಬ್ಬರೂ ಡಬ್ಬದೊಳಗೆ ಇಣುಕಿದರು. ಚಿಪ್ಪು ಕಲ್ಲಿನಂತೆ ಬಿದ್ದಿತ್ತು. ಆಮೇಲೆ ಅಂಚಿನಲ್ಲಿ ಏನೋ ಮಿಸುಕಿತು. ಸೊಂಡಿಲು. ಪರಮೇಶ ಅವ್ವನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದ.

ಸೊಂಡಿಲಿನ ಪಕ್ಕದಲ್ಲಿ ಕಡ್ಡಿಯೊಂದು ಎದ್ದಿತು. ಅದರ ತುದಿಯಲ್ಲಿ ದುಂಡನೆ ಕಣ್ಣು. ಇನ್ನೊಂದು ಕಡ್ಡಿ, ಇನ್ನೊಂದು ಕಣ್ಣು. ಎರಡೂ ತಿರುಗಿ, ತಾಯಿ ಮಗನನ್ನು ಗಾಬರಿಯಿಂದ ನೋಡಿದವು.

"ಶಂಖ" ಎಂದ ಪರಮೇಶ ಕಟ್ಟೆಯ ಮೇಲೆ ಕುಸಿದ. ಆಟೊದವನು "ಬರ್ತೀರೇನ್ರಿ?" ಎಂದು ಎರಡು ಸಲ ಕೂಗಿ, ಬೈದುಕೊಂಡು ಹೋದ.

ಉಚ್ಚಂಗಮ್ಮ ಎಲೆಅಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ಗಾಯಕ್ಕೆ ಒಂದಿಷ್ಟು ಮೆತ್ತಿದಳು.

"ಗುರುತು ಹಾಕಿದ್ರೆ ನಾನ್ಯಾಕೆ ಮುಟ್ತಿದ್ದೆ? ಅದೊಂದಕ್ಕೇ ಯಾಕೆ ಹಾಕ್ಲಿಲ್ಲ?"

"ಹೆದ್ರಿಕೆ ಆತವ್ವ."

ಅವಳು ಬೈಯಲಿಲ್ಲ. ಉಳಿದ ಸುಣ್ಣವನ್ನು ನೀರಿನ ಡಬ್ಬದ ಹೊರಮೈಗೆ ಉದ್ದಕ್ಕೆ ಗೆರೆಯಾಗಿ ಎಳೆದಳು.

"ತಗ, ಈಗ ನಿಮ್ಮ ಸಾಹುಕಾರ್ರದ್ದು. ವಾಪಸ್ ಬಿಡು."

ಪರಮೇಶ ಬಿದ್ದ ಸ್ಕೂಟರನ್ನು ಎತ್ತಿದ. ಕಿಕ್ ಹೊಡೆಯಲು ಕಾಲು ಇನ್ನೂ ಮಾತು ಕೇಳುತ್ತಿರಲಿಲ್ಲ. ಆ ಕೆಲಸವನ್ನೂ ಅವ್ವನೇ ಮಾಡಿಕೊಟ್ಟಳು.