ರೊಟ್ಟಿ ಬಡಿಯುವ ಎತ್ತರ

ಅವರ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಸಿಮೆಂಟು ಕಲಸಿ ಬೆರಳ ತುದಿಗಳು ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ಊರಿನ ರೇಷನ್ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪುತ್ತಿರಲಿಲ್ಲವಂತೆ. “ನಾ ಅದೀನಂತ ಆ ಮಷೀನ್ ನಂಬೂದಿಲ್ರಿ ಅಕ್ಕಾರ. ಹೇಣ್ತಿ ಬೆರಳಿನ ಮ್ಯಾಲ ಉಣ್ಲಾಕತ್ತೀನಿ” ಎಂದು ನಗುತ್ತಿದ್ದರು.

ಅವರು ನಮ್ಮ ಅಡುಗೆಮನೆ ಒಡೆದು ಕಟ್ಟಿಕೊಟ್ಟ ಗಾರೆ ಕೆಲಸದ ಮಿಸ್ತ್ರಿ. ಪುಣೆಯ ಕೋಥರೂಡದ ನಮ್ಮ ಸೊಸೈಟಿಯ ಗೇಟಿನ ಬಳಿ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದರು. ನಾನೇ ಹೋಗಿ ಯಾವೂರು ಎಂದು ಕೇಳಿದೆ. ಯಾದಗಿರಿ ಕಡೆ ಎಂದರು. ನಮ್ಮದು ವಿಜಯಪುರ ಎಂದೆ. ಭಾಷೆ ಒಂದಾದ ಕೂಡಲೇ ದರ ಇಳಿಸುವುದು ಹೇಗೆಂದು ನನಗೆ ಗೊತ್ತು. ಮದುವೆಯಾಗಿ ಪುಣೆಗೆ ಬಂದ ಹೊಸತರಲ್ಲಿ ಚೀಲದ ತುಂಬ ಲಂಗ, ನೈಟಿ ಹೊತ್ತು ಮನೆಮನೆಯ ಮೆಟ್ಟಿಲು ಹತ್ತಿಳಿದವಳು ನಾನು. ಈಗ ಸ್ವಂತ ಅಂಗಡಿ ಇದೆ. ಮೊದಲು ಹೇಳಿದ ದರಕ್ಕೆ ಹೂಂ ಎಂದವಳಲ್ಲ. ಅವರು ಹೆಚ್ಚು ಎಳೆದಾಡದೆ ಒಪ್ಪಿಕೊಂಡರು. “ಆದ್ರ ಕೆಲಸದಾಗ ಚೌಕಾಸಿ ಮಾಡಬ್ಯಾಡ್ರಿ” ಎಂದಷ್ಟೇ ಹೇಳಿದರು.

ನಮ್ಮದು ಹಳೆಯ ಫ್ಲಾಟು, ಅಡುಗೆಕಟ್ಟೆ ತಗ್ಗು. ನಾನು ಎತ್ತರದವಳು, ಬಗ್ಗಿ ಬಗ್ಗಿ ಸೊಂಟ ಹಿಡಿದಿತ್ತು. ಕಟ್ಟೆ ಎತ್ತರಿಸಲೇಬೇಕೆಂಬುದು ನನ್ನ ಹಟ. ನಮ್ಮ ಅತ್ತೆ ಗಿಡ್ಡ. ಮೊಣಕಾಲು ನೋವಿನಿಂದ ನೆಲಕ್ಕೆ ಕೂರಲಾಗದ ಮೇಲೆ, ಅದೇ ತಗ್ಗು ಕಟ್ಟೆಯ ಮುಂದೆ ನಿಂತು ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದರು. ಉಳಿದ ಕೆಲಸಗಳನ್ನೆಲ್ಲ ಒಂದೊಂದಾಗಿ ನಾನು, ಮಿಕ್ಸರು, ಕೆಲಸದಾಕೆ ಕಿತ್ತುಕೊಂಡಿದ್ದೆವು. ಆ ಮನೆಯಲ್ಲಿ ಅವರದೆಂದು ಉಳಿದದ್ದು ರೊಟ್ಟಿಯೊಂದೇ.

ಮಿಸ್ತ್ರಿ ಸುತ್ತಿಗೆ ಹಿಡಿದು ಬಂದ ದಿನ ಅತ್ತೆ ಅರ್ಧ ಹಿಟ್ಟು ಬಡಿದಿದ್ದರು. ಮಿಸ್ತ್ರಿ ಹೊರಗೇ ತಮ್ಮ ಚೀಲದ ಮೇಲೆ ಕೂತುಬಿಟ್ಟರು. ಹೊತ್ತಾಗುತ್ತದೆ ಎಂದು ನಾನು ಅವಸರ ಮಾಡಿದೆ. ಒಲೆಯ ಮುಂದಿನ ಹೆಣ್ಣುಮಗಳನ್ನು ಎಬ್ಬಿಸಿ ಕಟ್ಟೆ ಒಡೆಯುವ ಪದ್ಧತಿ ತಮ್ಮಲ್ಲಿಲ್ಲ ಎಂದರು. ಅತ್ತೆ ಕೊಟ್ಟ ಬಿಸಿರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ತಿಂದರು. ಆಮೇಲೆ ಅತ್ತೆಯನ್ನು ಮತ್ತೆ ಕಟ್ಟೆಯ ಮುಂದೆ ನಿಲ್ಲಿಸಿ, ಮೊಣಕೈ ಮಡಚಲು ಹೇಳಿ, ಅಲ್ಲಿಂದ ಕೆಳಗೆ ಒಂದು ಗೇಣು ಅಳೆದರು. ಕಿರುಬೆರಳು ಸರಿಯಾಗಿ ಹಳೆಯ ಕಟ್ಟೆಗೆ ತಾಗಿತು.

“ನೋಡ್ರಿ, ಆಯಿಗೆ ಇದ ಎತ್ತರ ಬೇಕು. ಒಲಿ ಕಡಿ ನಿಮಗ ಬೇಕಾದಷ್ಟು ಏರಸ್ತೀನಿ. ಕಿಡಕಿ ಕಡಿ ತುದಿ ಇಷ್ಟಕ್ಕ ಬಿಡ್ತೀನಿ.”

ನಾನಾಗಲೇ ಕಲ್ಲಿನ ಅಂಗಡಿಯಲ್ಲಿ ಗಂಟೆಗಟ್ಟಲೆ ಜಗ್ಗಾಡಿ ಉದ್ದನೆಯ ಒಂದೇ ಕರಿ ಗ್ರಾನೈಟು ಗೊತ್ತು ಮಾಡಿ ಬಂದಿದ್ದೆ. ಅದನ್ನು ತುಂಡರಿಸುವುದೆಂದರೆ ಕರುಳು ಕತ್ತರಿಸಿದ ಹಾಗಾಯಿತು. ನಾಳೆ ಫ್ಲಾಟು ಮಾರುವ ಹೊತ್ತಿಗೆ ಎರಡು ಅಂತಸ್ತಿನ ಕಟ್ಟೆ ನೋಡಿ ಯಾರು ಮೆಚ್ಚುತ್ತಾರೆ ಎಂಬ ಲೆಕ್ಕ ಬೇರೆ. ಆಗುವುದಿಲ್ಲ ಎಂದೆ.

“ಕಲ್ಲೂ ಮಾತಾಡೂದಿಲ್ಲ, ನಿಮ್ಮತ್ತಿನೂ ಮಾತಾಡೂದಿಲ್ಲ. ಹಂಗಂತ ಇಬ್ಬರೂ ಒಂದ ಆಗ್ತಾರೇನ್ರಿ ಅಕ್ಕಾರ?”

ನನಗೆ ಸಿಟ್ಟು ಬಂತು. ಅತ್ತೆ ಕಟ್ಟೆಯ ಮೇಲಿನ ಹಿಟ್ಟು ಒರೆಸುತ್ತ, “ಅಕಿಗೆ ಹೆಂಗ ಬೇಕೋ ಹಂಗ ಆಗಲಿ ಬಿಡಪ್ಪ” ಎಂದರು. ನಾನು ಅದನ್ನೇ ಒಪ್ಪಿಗೆ ಎಂದು ಹಿಡಿದುಕೊಂಡೆ. ಅಂಗಡಿಯಲ್ಲಿ ಗಿರಾಕಿ ಹಾಗೆಂದರೆ ಮನಸ್ಸಿಲ್ಲವೆಂದು ತಕ್ಷಣ ತಿಳಿಯುವ ನನಗೆ, ಮನೆಯಲ್ಲಿ ತಿಳಿಯಲಿಲ್ಲ.

ಮೂರು ವಾರ ಬಾಲ್ಕನಿಯಲ್ಲಿ ಒಲೆ, ಮಂಚದ ಕೆಳಗೆ ಡಬ್ಬಿ, ಬಚ್ಚಲಲ್ಲಿ ಪಾತ್ರೆ ತೊಳೆಯುವುದು. ಬೇಳೆಯಲ್ಲೂ ಧೂಳು, ಹಾಸಿಗೆಯಲ್ಲೂ ಧೂಳು. ಸಂಜೆ ಕೆಲಸ ಮುಗಿದ ಮೇಲೆ ಮಿಸ್ತ್ರಿ ಅಂದು ಕೂರಿಸಿದ ನೆಲದ ಮೇಲೆ ಒಂದು ತಂಬಿಗೆ ನೀರು ಸುರಿದು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ನೀರು ಮೋರಿಗೆ ಹೋಗದೆ ಎಲ್ಲಾದರೂ ನಿಂತರೆ, ನಾನು ಇರಲಿ ಬಿಡಿ ಎಂದರೂ ಆ ಟೈಲ್ ಕಿತ್ತು ಮತ್ತೆ ಕೂರಿಸುತ್ತಿದ್ದರು. “ನೀರಿಗೆ ಸುಳ್ಳು ಹೇಳಲಾಕ ಬರೂದಿಲ್ರಿ” ಎನ್ನುತ್ತಿದ್ದರು. ಮನೆ ಕೆಲಸ ಮಾಡಿಸುವವರೆಲ್ಲರಿಗೂ ಈಗ ನಾನು ಇದನ್ನೇ ಹೇಳುತ್ತೇನೆ: ನೀರು ಸುರಿದು ನೋಡಿ, ಆಮೇಲೆ ಹೊಗಳಿ. ನಾಲ್ಕು ಟೈಲ್ ಹೆಚ್ಚಿಗೆ ತೆಗೆದಿಡಿ, ಆ ಬಣ್ಣ ಮುಂದೆ ಸಿಗುವುದಿಲ್ಲ. ಇದೂ ಅವರದೇ ಮಾತು.

ಕಲ್ಲು ಕೂರಿಸುವ ಮುನ್ನ ಇನ್ನೊಮ್ಮೆ ಕೇಳಿದರು. ಗೋಡೆಗೆ ಒರಗಿಸಿದ್ದ ಗ್ರಾನೈಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಇನ್ನೂ ಹೊತ್ತು ಮೀರಿಲ್ಲ, ಇಲ್ಲಿ ಕೊಯ್ದರೆ ಸಾಕು ಎಂದರು. ನಾನು ನಕ್ಕು, “ಮಿಸ್ತ್ರಿ, ನೀವು ನನಗಿಂತ ದೊಡ್ಡ ಚೌಕಾಸಿಯವರು” ಎಂದೆ. ಅವರು ನಗಲಿಲ್ಲ. ಅಂಗೈಯಿಂದ ಗೆರೆ ಒರೆಸಿ ಕಲ್ಲು ಎತ್ತಿದರು.

ಹೊಸ ಅಡುಗೆಮನೆಯನ್ನು ನೆರೆಯವರೆಲ್ಲ ನೋಡಿ ಹೊಗಳಿ ಹೋದರು. ಮರುದಿನ ಅತ್ತೆ ರೊಟ್ಟಿಗೆ ನಿಂತರೆ ಹೆಗಲು ಕಿವಿಯವರೆಗೆ ಏರಿತು. ಕೈಯ ಭಾರ ಹಿಟ್ಟಿನ ಮೇಲೆ ಬೀಳಲಿಲ್ಲ. ರೊಟ್ಟಿ ನಡುವೆ ದಪ್ಪ, ಅಂಚಿನಲ್ಲಿ ಸೀಳು. ಕಾಲ ಕೆಳಗೆ ಮಣೆ ಇಟ್ಟುಕೊಂಡು ಕೆಲವು ದಿನ ನೋಡಿದರು. ಒಂದು ಬೆಳಿಗ್ಗೆ ಮಣೆ ಜಾರಿ ಮುಂಗೈ ಉಳುಕಿತು. ಆಮೇಲೆ ಅವರು ಕಟ್ಟೆಯ ಹತ್ತಿರ ಬರಲಿಲ್ಲ. ರೊಟ್ಟಿ ಹೊರಗಿನಿಂದ ಬರತೊಡಗಿತು. ಅತ್ತೆ ಹೊರಕೋಣೆಯಲ್ಲಿ ಕೂತು ದಿನಕ್ಕೆರಡು ಸಲ, “ಏನರ ಕೆಲಸ ಅದ ಏನವ್ವ?” ಎಂದು ಕೇಳುತ್ತಿದ್ದರು. ಆರಾಮ ಇರ್ರಿ ಎನ್ನುತ್ತಿದ್ದೆ. ಅವರು ಕೇಳುತ್ತಿದ್ದದ್ದು ಆರಾಮವನ್ನಲ್ಲ.

ವರ್ಷದ ಮೇಲೆ, ಆ ಕಲ್ಲು ಕೊಯ್ಯಿಸಿಯೇ ಬಿಡಬೇಕು ಎಂದು ಮಿಸ್ತ್ರಿಗೆ ಫೋನು ಮಾಡಿದೆ. ಎತ್ತಿದ್ದು ಅವರ ಹೆಂಡತಿ. ನಾನು ಯಾರೆಂದು ಹೇಳಿದೆ. ಕಾಮಾಲೆಯಾಗಿ ದೀಪಾವಳಿಯ ಹೊತ್ತಿಗೆ ತೀರಿಕೊಂಡರು ಎಂದರು. ಅಡುಗೆಕಟ್ಟೆಯ ಸಲುವಾಗಿ ಫೋನು ಮಾಡಿದ್ದೆ ಎಂದೆ. ಆಕೆ ಗಾಬರಿಯಾದರು.

“ನಿಮ್ಮ ಮನಿ ಕೆಲಸದಾಗ ಏನರ ಕೆಟ್ಟದೇನ್ರಿ ಅಕ್ಕಾರ? ಅವರು ಮಾಡಿದ್ರಾಗ ಹಂಗ ಆಗೂದಿಲ್ರಿ.”

“ಇಲ್ಲವ್ವ. ಅವರ ಕೆಲಸ ಗಟ್ಟಿ ಅದ” ಎಂದೆ.

ಕೆಡಿಸಿದವಳು ನಾನು ಎಂದು ಆಕೆಗೆ ಹೇಳಲಿಲ್ಲ. ಅದನ್ನು ಕೇಳಬೇಕಾದ ಇಬ್ಬರಲ್ಲಿ ಒಬ್ಬರು ಹೋಗಿದ್ದರು. ಇನ್ನೊಬ್ಬರು ಹೊರಕೋಣೆಯಲ್ಲಿ ಕೂತಿದ್ದರು. ಫೋನು ಇಟ್ಟು ಅವರ ಮುಂದೆ ಹೋಗಿ ನಿಂತೆ. ಜನ್ಮವಿಡೀ ಮಾತಿನಿಂದಲೇ ಬದುಕಿದವಳಿಗೆ, ಆ ಒಂದು ಮಾತನ್ನು ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.