ಒಗ್ಗರಣೆ ಮಾತ್ರ ಬಾಕಿ

ಕರೆಂಟು ಹೋಗಬಹುದಿತ್ತು. ಆ ಬೇಸಿಗೆ ಇಳಕಲ್‌ನಲ್ಲಿ ಅದು ಹೋಗದ ದಿನವೇ ಇರಲಿಲ್ಲ. ಹೋದದ್ದು ಬಾರದೆ, ಫ್ರಿಜ್ಜಿನೊಳಗಿನ ಹದಿನೈದು ದಿನದ ಅಡುಗೆ ಕರಗಿ ಹಳಸಿ, ಅದನ್ನೇ ಬಿಸಿಮಾಡಿ ಉಂಡ ಯಜಮಾನರೂ ಅತ್ತೆಯೂ ನಾನಿದ್ದ ದವಾಖಾನೆಗೇ ಬಂದು ನನ್ನ ಆಚೀಚೆಯ ಮಂಚಗಳಲ್ಲಿ ಮಲಗಬಹುದಿತ್ತು. ಫ್ರಿಜ್ಜಿನ ಬಾಗಿಲು ಬೆರಳಷ್ಟು ತೆರೆದೇ ಉಳಿಯಬಹುದಿತ್ತು. ಯಜಮಾನರು ಗ್ಯಾಸ್ ಹಚ್ಚಿ ಪೇಪರ್ ಓದುತ್ತ ಕೂರಬಹುದಿತ್ತು. ಅತ್ತೆ ತಾಟನ್ನು ಮುಟ್ಟದೆ ಪಕ್ಕಕ್ಕೆ ಸರಿಸಬಹುದಿತ್ತು. ಆಪರೇಶನ್ ಟೇಬಲ್ಲಿನಿಂದ ನಾನೇ ಏಳದೆ ಹೋಗಬಹುದಿತ್ತು. ನಿಜ ಹೇಳಬೇಕೆಂದರೆ ಈ ಕೊನೆಯದು ನನ್ನ ಪಟ್ಟಿಯಲ್ಲಿ ಬಹಳ ಕೆಳಗಿತ್ತು. ಅಲ್ಲಿ ನೋಡಿಕೊಳ್ಳಲು ಡಾಕ್ಟರಿದ್ದರು. ನನ್ನ ಅಡುಗೆಮನೆಗೆ ಯಾರಿದ್ದರು?

ಎರಡು ಸಾವಿರನೆಯ ಇಸವಿಯ ಈಚಿನ ಮಾತು. ನಾನು ಕಲಿಸುವ ಶಾಲೆಗೆ ಸೂಟಿ ಬಿದ್ದ ಮೇಲೆ ಬಾಗಲಕೋಟೆಯಲ್ಲಿ ನನ್ನ ಗರ್ಭಕೋಶದ ಆಪರೇಶನ್ ಎಂದು ನಿಶ್ಚಯವಾಗಿತ್ತು. ಎಂಟು ದಿನ ದವಾಖಾನೆ, ಆಮೇಲೆ ಒಂದು ವಾರ ನವನಗರದ ತಂಗಿಯ ಮನೆ. ನನ್ನ ಕಾಳಜಿ ತಂಗಿಯದು. ಮಗಳು ಧಾರವಾಡದ ಹಾಸ್ಟೆಲ್‌ನಲ್ಲಿ, ಅವಳಿಗೆ ಪರೀಕ್ಷೆ. ಮನೆಯಲ್ಲಿ ಉಳಿಯುವವರು ಇಬ್ಬರೇ. ಹುನಗುಂದದ ಕಾಲೇಜಿನಲ್ಲಿ ಗಣಿತ ಕಲಿಸುವ, ಚಹಾ ಕಾಸಲೂ ಬಾರದ ಯಜಮಾನರು ಒಬ್ಬರು. ಅವರ ತಾಯಿ ಇನ್ನೊಬ್ಬರು.

ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ಪ್ಲಾಸ್ಟರ್ ಆಗಷ್ಟೇ ಬಿಚ್ಚಿದ್ದರು. ಆರು ವಾರ ಭಾರ ಎತ್ತಬಾರದು, ಹಿಟ್ಟು ನಾದಬಾರದು, ಮಾತು ಮೀರಿದರೆ ಬೆರಳು ಮತ್ತೆ ಪೂರ್ತಿ ಮಡಚುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಐವತ್ತು ವರ್ಷ ಮಗ್ಗದಲ್ಲಿ ಸೀರೆಯ ಸೆರಗಿನ ಎಳೆಗೆ ಮೈಯ ಎಳೆ ಜೋಡಿಸಿದ ಬೆರಳು ಅವು. ಕೈ ವಾಸಿಯಾದ ಮೇಲೆ ಮತ್ತೆ ಮಗ್ಗಕ್ಕೆ ಕೂಡುತ್ತೇನೆ ಎಂಬುದೊಂದೇ ಅವರ ಮಾತು. ಆದರೆ ಮಗ ಹಸಿದಿದ್ದಾನೆಂದು ಕಂಡರೆ ಸಾಕು, ಒಲೆಯ ಮುಂದೆ ನಿಂತುಬಿಡುವವರೂ ಅವರೇ. ಹೊರಗಿನವರನ್ನು ಅಡುಗೆಮನೆಗೆ ಬಿಡುವವರಲ್ಲ. ನೆರೆಯವರು ಎರಡು ದಿನ ಬುತ್ತಿ ಕೊಟ್ಟಾರು, ಹದಿನೈದು ದಿನ ಯಾರು ಕೊಡುತ್ತಾರೆ?

ಹಾಗಾಗಿ ನಾನು ನಿರ್ಧರಿಸಿದೆ. ನಾನು ಬರುವವರೆಗೆ ಅತ್ತೆಯ ಕೈ ಒಂದು ಸವಟನ್ನೂ ಎತ್ತಬಾರದು. ಮನೆಗೆ ಹೊಸದಾಗಿ ಎರಡು ಬಾಗಿಲಿನ ಫ್ರಿಜ್ ಬಂದಿತ್ತು. ಅದರ ಮೇಲಿನ ಖಾನೆಯಲ್ಲಿ ಅಲ್ಲಿಯವರೆಗೆ ಬರ್ಫದ ಟ್ರೇ ಬಿಟ್ಟರೆ ಏನೂ ಇರಲಿಲ್ಲ. ಎಲ್ಲ ಅಡುಗೆ ಮೊದಲೇ ಮಾಡಿ ಅದರಲ್ಲಿ ಗಟ್ಟಿಮಾಡಿ ಇಡುತ್ತೇನೆ ಎಂದು ಅತ್ತೆಗೆ ತಿಳಿಸಿದೆ.

"ಹದಿನೈದು ದಿನದ ತಂಗಳಾ? ನಾ ಒಲ್ಯವ್ವಾ."

"ಅತ್ತೀ, ಹೋದ ತಿಂಗಳ ಬಡದ ಖಡಕ್ ರೊಟ್ಟಿ ಈಗ ತಿನ್ನಾಕತ್ತೀರಲ್ಲ?"

"ಅದು ರೊಟ್ಟಿ."

"ರೊಟ್ಟಿಗೆ ತಂಗಳ ಇಲ್ಲೇನ್ರಿ?"

"ಒಣಗಿದ ರೊಟ್ಟಿಗೆ ಎಲ್ಲಿ ತಂಗಳ ಬೇ? ಸಾಲ್ಯಾಗ ಕಲಸ್ತಿ, ಇಷ್ಟೂ ಗೊತ್ತಿಲ್ಲ."

ಆದರೂ ಪ್ರಯೋಗ ಶುರುಮಾಡಿದೆ. ಆಲೂಗಡ್ಡೆ ಪಲ್ಯ ಕರಗಿದಾಗ ಸ್ಪಂಜಿನಂತೆ ನೀರು ಬಿಟ್ಟಿತು. ಬದನೆಕಾಯಿ ಮೆತ್ತಗಾದರೂ ಮಾನ ಉಳಿಸಿಕೊಂಡಿತು. ಮಡಕಿಕಾಳು, ಹೆಸರುಕಾಳು, ಮೆಂತ್ಯೆ ಬೇಳೆ ಏನೂ ಆಗಿಲ್ಲವೆಂಬಂತೆ ಎದ್ದು ಬಂದವು. ಕರೆಂಟು ಹೋದಾಗ ತಂಪು ಆರಬಾರದೆಂದು ದಪ್ಪ ಕೌದಿಯೊಂದನ್ನು ತಂದು ಫ್ರಿಜ್ಜಿಗೆ ಹೊದಿಸಿದೆ. ಅತ್ತೆ ಕುರ್ಚಿಯಿಂದಲೇ ನೋಡಿದರು.

"ಯಾಕ ಬೇ, ಫ್ರಿಜ್ಜಿಗೆ ಥಂಡಿ ಜ್ವರ ಬಂದಾವೇನು?"

ನನಗೆ ಆಗಲೇ ಇನ್ನೊಂದು ಚಿಂತೆ ಹತ್ತಿಕೊಂಡಿತ್ತು. ಕರೆಂಟು ಬಂದ ಮೇಲೆ, ಫ್ರಿಜ್ಜಿನ ಬೆನ್ನು ಕಾಯುವ ಮೊದಲು, ಕೌದಿ ತೆಗೆಯುವವರು ಯಾರು?

ಪ್ರಯೋಗದ ಅಡುಗೆ ಯಜಮಾನರ ಪಾಲಾಯಿತು. ಅತ್ತೆ ಮಾತ್ರ ಅದರ ವಾಸನೆಯನ್ನೂ ನೋಡಲಿಲ್ಲ. ಒಂದು ದಿನ ನಾನು ಶಾಲೆಯ ಪರೀಕ್ಷೆಯ ಕೆಲಸದಿಂದ ದಣಿದು ಬಂದು, ಹಿಂದಿನ ದಿನ ಬೇಯಿಸಿ ಫ್ರಿಜ್ಜಿನಲ್ಲಿಟ್ಟಿದ್ದ ಮಡಕಿಕಾಳಿಗೆ ಸಾಸಿವೆ, ಬೆಳ್ಳುಳ್ಳಿ ಹಾಕಿ ಚುರ್ರೆನಿಸಿ ಬಡಿಸಿದೆ. ಅತ್ತೆ ಎರಡು ಸಲ ಹಾಕಿಸಿಕೊಂಡರು. ಹೇಳದೆ ಇರಲು ನನ್ನ ಮನಸ್ಸು ಒಪ್ಪಲಿಲ್ಲ.

"ಅತ್ತೀ, ಇದು ನಿನ್ನೆ ಬೇಸಿದ್ದು."

"ಗೊತ್ತೈತಿ. ನಿನ್ನೆ ಸಂಜಿ ಕುಕ್ಕರ್ ಕೂಗಿದ್ದು ಕೇಳಿಲ್ಲೇನು ನಾ?"

"ಮತ್ತ ತಂಗಳ ಆಗಲಿಲ್ಲೇನ್ರಿ?"

"ಒಗ್ಗರಣಿ ಇವತ್ತಿಂದಲ್ಲ? ಮಗ್ಗಕ್ಕ ಹಾಸಿನ ಎಳಿ ನೇಯೂಕಿಂತ ಮೊದಲ ಕಟ್ಟಿಟ್ಟಿರ್ತೀವಿ. ಹಂಗಂತ ಅದು ಹಳೀ ಸೀರಿ ಆಗ್ತೈತೇನ?"

ಇಪ್ಪತ್ತು ವರ್ಷದ ಸೊಸೆತನದಲ್ಲಿ ನನಗೆ ತಿಳಿಯದ ಕಾನೂನು ಇದು. ಅಡುಗೆಯ ವಯಸ್ಸು ಒಗ್ಗರಣೆಯಿಂದ ಎಣಿಸಬೇಕು! ಅಂದರೆ ಒಗ್ಗರಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿಸಿ ಗಟ್ಟಿಮಾಡಿಟ್ಟರೆ ಅತ್ತೆಯ ಮಟ್ಟಿಗೆ ಅದು ಇನ್ನೂ ಹುಟ್ಟಿರದ ಅಡುಗೆ. ಹುಟ್ಟಿಸುವ ಕೆಲಸ ಮಾತ್ರ ಯಜಮಾನರದು. ಸಮಾಧಾನ ಅಲ್ಲಿಗೇ ಮುಗಿಯಿತು.

ಹತ್ತು ದಿನ ಅವರಿಗೆ ತಾಲೀಮು ಕೊಟ್ಟೆ. ಮೊದಲ ದಿನ ಎಣ್ಣೆ ಹೊಗೆಯಾಡಿತು. ಎರಡನೆಯ ದಿನ ಕಾದ ಎಣ್ಣೆಗೆ ಖಾರಪುಡಿ ಸುರಿದರು, ಮೂವರೂ ಅಂಗಳಕ್ಕೆ ಓಡಿ ಕೆಮ್ಮಿದೆವು. ಅತ್ತೆ ಕುರ್ಚಿಯನ್ನು ಅಡುಗೆಮನೆ ಬಾಗಿಲಿಗೆ ಹಾಕಿಸಿಕೊಂಡು ಕೂತರು.

"ತಮ್ಮಾ, ಸಾಸಿವಿ ಚಟಪಟ ಅನ್ನೂತನಕ ತಡಿಯಪ್ಪಾ. ಏನ ಗಡಿಬಿಡಿ ನಿಂದು?"

"ಎಷ್ಟ ಸೆಕೆಂಡ್ ತಡೀಬೇಕು ಹೇಳವ್ವಾ, ಬರಕೋತೇನಿ."

"ಕಿವಿಲೆ ಕೇಳೂದೋ, ಗಡಿಯಾರ ನೋಡೂದಲ್ಲ!"

ಯಜಮಾನರು ಬರೆದುಕೊಂಡೇ ಬರೆದುಕೊಂಡರು. ಪ್ರಮೇಯದಂತೆ ಏಳು ಹಂತ, ಕೊನೆಗೆ 'ಗ್ಯಾಸ್ ಆರಿಸುವುದು' ಎಂಬುದರ ಕೆಳಗೆ ನಾನು ಎರಡು ಗೆರೆ ಎಳೆದೆ.

ಹೊರಡುವ ಮೊದಲಿನ ಮೂರು ದಿನ ನಾನು ಒಲೆ ಬಿಟ್ಟು ಕದಲಲಿಲ್ಲ. ಒಂದೇ ಅಳತೆಯ ಡಬ್ಬಿಗಳಲ್ಲಿ ಹಾಕಿ, ಗಟ್ಟಿಯಾದ ಮೇಲೆ ತೆಗೆದು ಚೀಲಕ್ಕೆ ತುಂಬಿ, ಇಟ್ಟಿಗೆಯಂತೆ ಪೇರಿಸಿದೆ. ಹದಿನೈದು ಇಟ್ಟಿಗೆ ಪಲ್ಯ, ಹದಿನೈದು ಬೇಳೆ. ರೊಟ್ಟಿಯ ಹೊರೆ ಬುಟ್ಟಿಯಲ್ಲಿ. ಅನ್ನಕ್ಕೆ ಕುಕ್ಕರಿನ ಮೂರು ಸೀಟಿ. ಎಣಿಕೆಯಾದರೂ ಅವರಿಗೆ ಬರುತ್ತದೆ.

ಆಪರೇಶನ್ ಮುಗಿದು ಎಚ್ಚರವಾದಾಗ ನಾನು ಕೇಳಿದ ಮೊದಲ ಪ್ರಶ್ನೆ "ಕರೆಂಟ್ ಐತೇನು?" ಎಂಬುದಂತೆ. ನರ್ಸ್ ಬಹಳ ಮರುಕದಿಂದ, "ಐತ್ರಿ ಅಕ್ಕಾರ, ಮ್ಯಾಲೆ ಫ್ಯಾನ್ ತಿರಗಾಕತ್ತೇತಿ ನೋಡ್ರಿ" ಎಂದಳಂತೆ.

ಮೂರನೆಯ ದಿನದಿಂದ ಫೋನಿನಲ್ಲಿ ಯಜಮಾನರ ವರದಿ ಬರತೊಡಗಿತು.

"ಎರಡ ತಾಸು ಕರೆಂಟ್ ಹೋಗಿತ್ತು. ಕೌದಿ ಹೊಚ್ಚಿದ್ನಿ. ತೆಗೆದ್ನಿ."

"ಅತ್ತಿ ಉಂಡ್ರೇನ್ರಿ?"

"ಉಂಡಾಳ."

"ಖರೆ ಹೇಳ್ರಿ."

"ಇನ್ನೊಂದ್ ಸೌಟ ಹಾಕು ಅಂದಾಳ. ಸಾಸಿವಿ ಮಾತ್ರ ಹೊತ್ತಿತ್ತಂತ, ಅದನ್ನ ಆರಿಸಿ ತಾಟಿನ ಅಂಚಿಗೆ ಸಾಲಾಗಿ ಇಟ್ಟಿದ್ಲು, ನನಗ ಕಾಣೂಹಂಗ."

ಹದಿನಾರನೆಯ ದಿನ ತಂಗಿಯ ಜೊತೆ ಮನೆಗೆ ಬಂದೆ. ಅತ್ತೆ ಬಾಗಿಲಲ್ಲೇ ಬಲಗೈ ಮುಂದೆ ಚಾಚಿದರು. ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿ ಬಿಗಿಹಿಡಿದು, ಮತ್ತೆ ಬಿಚ್ಚಿ ತೋರಿಸಿದರು. "ಒಂದ್ ಲೋಟಾ ಸೈತ ಎತ್ತಿಲ್ಲ ನೋಡು" ಎಂದರು. ನಾನು ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಅತ್ತುಬಿಟ್ಟೆ. ನಗಬೇಡ, ಅಳಬೇಡ, ಎರಡೂ ಹೊಲಿಗೆಗೆ ಕೆಟ್ಟದ್ದು ಎಂದು ತಂಗಿ ಗದರಿದಳು.

ಮನೆ ಸುಟ್ಟಿರಲಿಲ್ಲ. ಏನೂ ಹಳಸಿರಲಿಲ್ಲ. ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದು ನೋಡಿದರೆ ಬೇಳೆಯ ಒಂದು ಇಟ್ಟಿಗೆ ಹೆಚ್ಚಾಗಿ ಉಳಿದಿತ್ತು. ಇರಬೇಕಾಗಿದ್ದ ಇನ್ನೊಂದು ಇರಲಿಲ್ಲ. ನಾನು ಮನೆಗೆ ಬಂದ ದಿನ ತಂಗಿಯ ಕೈಯಲ್ಲಿ ಹೋಳಿಗೆ ಮಾಡಿಸಬೇಕೆಂದು ಕಡಲೆಬೇಳೆ, ಬೆಲ್ಲದ ಹೂರಣ ರುಬ್ಬಿ ತಳದಲ್ಲಿ ಇಟ್ಟಿದ್ದೆ. ಎಲ್ಲ ಚೀಲಕ್ಕೂ ಚೀಟಿ ಅಂಟಿಸಿದವಳು ಅದೊಂದಕ್ಕೆ ಅಂಟಿಸಿರಲಿಲ್ಲ. ಹೂರಣ ಎಂದು ಬರೆದರೆ ಯಜಮಾನರು ಉಳಿಸುತ್ತಾರೆಯೇ ಎಂಬ ಚಿಂತೆ.

"ಇಲ್ಲೊಂದು ಇತ್ತಲ್ಲರಿ, ಏನ ಮಾಡಿದ್ರಿ?"

"ಅದಾ? ಬ್ಯಾಳಿ ಅಂತ ತಿಳಕೊಂಡು ಒಗ್ಗರಣಿ ಹಾಕಿದ್ನಿ. ಬಳ್ಳೊಳ್ಳಿ ಸ್ವಲ್ಪ ಜಾಸ್ತೀನ ಹಾಕಿದ್ನಿ."

ನಾನು ಅತ್ತೆಯ ಕಡೆ ತಿರುಗಿದೆ. "ನಿಮಗರೆ ಗೊತ್ತಾಗಲಿಲ್ಲೇನ್ರಿ ಅತ್ತೀ?"

"ಗೊತ್ತಾಗದ ಏನ ಬೇ? ಅವತ್ತ ಅವನ ಸಾಸಿವಿ ಮೊದಲನೇ ಸಲ ಹೊತ್ತಲಾರದ ಸರಿಯಾಗಿ ಚಟಪಟ ಅಂದಿತ್ತು. ಹ್ಯಾಂಗ ಚೆಲ್ಲೂದು? ಇಬ್ಬರೂ ಅನ್ನಕ್ಕ ಕಲಸ್ಕೊಂಡು ಉಂಡ್ವಿ."